ಬ್ಲೂಮಿಂಗ್ಟನ್: ಬಂದು ಹೋಗುವವರ ಊರು

ಅಮೇರಿಕವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನ್ಯೂಯಾರ್ಕಿನ ಗಗನಚುಂಬಿ ಸೌಧಗಳು. ಅವುಗಳಲ್ಲಿ ಲೋಕಪ್ರಸಿದ್ಧವಾದ ಎಂಪೈರ್ ಸ್ಟೇಟ್ ಕಟ್ಟಡವು 102 ಅಂತಸ್ತುಗಳುಳ್ಳದ್ದಾಗಿದ್ದು 1931ರಲ್ಲಿ ತೆರೆಯಲ್ಪಟ್ಟಿತು. ಅದರ ಚಿತ್ರವನ್ನು ನೋಡದ ವಾಚಕರು ವಿರಳ. ಆದರೆ ಆ ಕಟ್ಟಡದ ಮೈಗೆ ಹೊದಿಸಿದ ಸುಣ್ಣಕಲ್ಲು ಯಾವ ಊರಿನ ನೆಲದಿಂದ ಬಂದುದೆಂಬುದನ್ನು ಬಲ್ಲವರೂ ಅಷ್ಟೇ ವಿರಳ. ಇಂಡಿಯಾನಾ ಸಂಸ್ಥಾನದಲ್ಲಿ ಬ್ಲೂಮಿಂಗ್ಟನ್ ಮತ್ತು ಬೆಡ್‌ಫರ್ಡ್ ಎಂಬ ಎರಡು ಊರುಗಳಿವೆ. ಅವುಗಳ ನಡುವಣ ಗಣಿಯಿಂದ ಸುಮಾರು 2 ಲಕ್ಷ ಘನ ಅಡಿಗಳಷ್ಟು ಕಲ್ಲನ್ನು ಕಡಿದು ನ್ಯೂಯಾರ್ಕಿಗೆ ಸಾಗಿಸಿದರು. ಅಮೇರಿಕದ ಸೇನಾ ಇಲಾಖೆಯ ಪೆಂಟಗನ್ ಕಟ್ಟಡಕ್ಕೂ ಇಂಡಿಯಾನಾದ ಸುಣ್ಣಕಲ್ಲೇ ಒದಗಿತು.

ಕಲ್ಲನ್ನು ದೂರದ ಊರುಗಳಿಗೆ ಕಳುಹಿಸಿ, ದೂರದ ಊರುಗಳಿಂದ ಮಕ್ಕಳನ್ನು ಬರಮಾಡಿಕೊಳ್ಳುವುದು ಬ್ಲೂಮಿಂಗ್ಟನ್ನಿನ ಕಸುಬು. 2020ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ 79,168. ಇಲ್ಲಿಯ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಓದುವ ವಿದ್ಯಾರ್ಥಿಗಳಾದರೋ 40 ಸಾವಿರಕ್ಕೂ ಮಿಕ್ಕಿದ್ದಾರೆ. ಹೀಗೆ ಊರಿನ ದೊಡ್ಡದೊಂದು ಪಾಲು ಪ್ರತಿ ನಾಲ್ಕೈದು ವರ್ಷಗಳಿಗೊಮ್ಮೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗುತ್ತದೆ. ಆ ಜಾಗಕ್ಕೆ ಹೊಸಬರು ಬರುತ್ತಾರೆ. ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಮುಂಬಯಿ, ಪುಣೆ, ಮದರಾಸು, ಹೈದರಾಬಾದುಗಳನ್ನು ಸೇರಿದ ನಮಗೆ ಇಂತಹ ಊರಿನ ವೃತ್ತಾಂತದಲ್ಲಿ ಕುತೂಹಲವಿರುವುದು ಸಹಜವೇ. ಬಂದವರನ್ನು ಆ ಊರು ಎಲ್ಲಿ ಕುಳ್ಳಿರಿಸಿತು, ಯಾರನ್ನು ಪಕ್ಕಕ್ಕೆ ಸರಿಸಿತು, ಆ ತಪ್ಪನ್ನು ತಿದ್ದಿಕೊಂಡ ಬಗೆ ಯಾವುದು ಎಂಬುದನ್ನು ನಾಲ್ಕು ಮಾತುಗಳಲ್ಲಿ ತಿಳಿಸುವುದೇ ಈ ಲೇಖನದ ಉದ್ದೇಶ.

ಊರಿನ ಪರಿಚಯ

ಬ್ಲೂಮಿಂಗ್ಟನ್ ಪಟ್ಟಣವು 1818ರಲ್ಲಿ ಸ್ಥಾಪನೆಯಾಯಿತು. ಇಂಡಿಯಾನಾವು ಸಂಸ್ಥಾನವೆನಿಸಿ ಆಗಿನ್ನೂ ಎರಡು ವರ್ಷಗಳಾಗಿದ್ದವಷ್ಟೆ. ಇನ್ನೆರಡು ವರ್ಷಗಳೊಳಗೆ, ಅಂದರೆ 1820ರಲ್ಲಿ, ಕಾಡನ್ನು ಕಡಿದು ನೆಲೆಸುತ್ತಿದ್ದ ಆ ಜನರು ತಮ್ಮ ಊರಿಗೊಂದು ವಿದ್ಯಾಲಯವನ್ನು ದೊರಕಿಸಿಕೊಂಡರು. ಅದೇ ಬೆಳೆದು ಇಂದಿನ ವಿಶ್ವವಿದ್ಯಾನಿಲಯವಾಗಿದೆ. ಸಂಸ್ಥಾನದ ರಾಜಧಾನಿ ಇಂಡಿಯಾನಾಪೊಲಿಸ್ ಇಲ್ಲಿಂದ ಸುಮಾರು 50 ಮೈಲಿ ದೂರದಲ್ಲಿದೆ. ದೊಡ್ಡ ನದಿಯಾಗಲಿ ಬಂದರಾಗಲಿ ಈ ಊರಿಗಿಲ್ಲ. ನೆಲದಡಿಯ ಕಲ್ಲು ಮತ್ತು ನೆಲದ ಮೇಲಿನ ವಿದ್ಯಾಲಯ, ಇವೆರಡರ ಬಲದಿಂದಲೇ ಊರು ಬೆಳೆಯಿತು.

ಪೇಟೆಯ ನಡುವೆ 1908ರಲ್ಲಿ ಕಟ್ಟಿ ಮುಗಿಸಿದ ಸುಣ್ಣಕಲ್ಲಿನ ನ್ಯಾಯಸ್ಥಾನವಿದೆ. ಅದರ ಗುಮ್ಮಟದ ತುದಿಯಲ್ಲಿ ಗಾಳಿಯ ದಿಕ್ಕನ್ನು ತೋರಿಸುವ ಮೀನೊಂದನ್ನು ನಿಲ್ಲಿಸಿದ್ದಾರೆ. ಸಮುದ್ರದಿಂದ ನೂರಾರು ಮೈಲಿ ದೂರದ ಊರಿಗೆ ಮೀನಿನ ಲಾಂಛನವೇಕೆಂದು ಹೊಸಬರು ನಗುವುದುಂಟು. ಆದರೆ ಆ ಊರಿನ ಕಲ್ಲು ಹುಟ್ಟಿದುದೇ ಸಮುದ್ರದಲ್ಲಿ. ಸುಮಾರು 33 ಕೋಟಿ ವರ್ಷಗಳ ಹಿಂದೆ ಅಲ್ಲಿ ಹರಡಿದ್ದ ಆಳವಿಲ್ಲದ ಕಡಲಿನ ಚಿಪ್ಪುಜೀವಿಗಳ ಅವಶೇಷಗಳೇ ಪದರಪದರವಾಗಿ ಗಟ್ಟಿಯಾಗಿ ಈ ಸುಣ್ಣಕಲ್ಲಾದುವು.

ನ್ಯಾಯಸ್ಥಾನದ ಚೌಕದಿಂದ ಕರ್ಕ್‌ವುಡ್ ಬೀದಿಯನ್ನು ಹಿಡಿದು ಪೂರ್ವಕ್ಕೆ ನಡೆದರೆ, ಅಂಗಡಿ ಮತ್ತು ಉಪಾಹಾರಗೃಹಗಳ ಸಾಲನ್ನು ದಾಟಿ, 1987ರಲ್ಲಿ ಕಟ್ಟಿದ ಕಲ್ಲಿನ ಹೆಬ್ಬಾಗಿಲು ಎದುರಾಗುತ್ತದೆ. ಅದರ ಆಚೆಗೆ ವಿಶ್ವವಿದ್ಯಾನಿಲಯದ ಆವರಣ. ಪೇಟೆಗೂ ವಿದ್ಯಾಲಯಕ್ಕೂ ನಡುವೆ ಇರುವುದು ಒಂದೇ ಬೀದಿ. ಊರವರು ಮತ್ತು ವಿದ್ಯಾರ್ಥಿಗಳು ಒಬ್ಬರ ಮುಖವನ್ನೊಬ್ಬರು ನೋಡದೆ ದಿನ ಕಳೆಯುವಂತಿಲ್ಲ.

ನೋಡತಕ್ಕ ಸ್ಥಳಗಳು

ಜೇಬಿನಲ್ಲಿ ಹಣವಿಲ್ಲದವನಿಗೂ ನೋಡಲು ಈ ಊರಿನಲ್ಲಿ ಬೇಕಾದಷ್ಟಿದೆ. 1960ರಲ್ಲಿ ತೆರೆದ ಲಿಲ್ಲಿ ಗ್ರಂಥಾಲಯವು ಅಪೂರ್ವ ಗ್ರಂಥಗಳ ಭಂಡಾರ. 15ನೆಯ ಶತಮಾನದ ನಡುವಿನಲ್ಲಿ ಗುಟೆನ್‌ಬರ್ಗನು ಅಚ್ಚುಮೊಳೆಗಳಿಂದ ಮುದ್ರಿಸಿದ ಬೈಬಲ್ಲಿನ ಹೊಸ ಒಡಂಬಡಿಕೆಯ ಭಾಗ, 1623ರಲ್ಲಿ ಪ್ರಕಟವಾದ ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಪುಟ, ಅಧ್ಯಕ್ಷಪದವಿಯನ್ನು ಒಪ್ಪಿಕೊಂಡು ಜಾರ್ಜ್ ವಾಷಿಂಗ್ಟನ್ ಬರೆದ ಪತ್ರ ಮೊದಲಾದುವು ಅಲ್ಲಿವೆ. ಪ್ರದರ್ಶನವನ್ನು ನೋಡಲು ಶುಲ್ಕವಿಲ್ಲ. ಸನಿಹದಲ್ಲೇ 1982ರಲ್ಲಿ ತೆರೆದ ಕಲಾ ವಸ್ತುಸಂಗ್ರಹಾಲಯವಿದ್ದು, ಪ್ರಸಿದ್ಧ ಶಿಲ್ಪಿ ಐ. ಎಂ. ಪೇಯಿಯವರ ಸಂಸ್ಥೆಯು ಅದರ ವಿನ್ಯಾಸವನ್ನು ಮಾಡಿತು.

ಸಂಗೀತಕ್ಕಂತೂ ಇದು ತವರುಮನೆ. ವಿಶ್ವವಿದ್ಯಾನಿಲಯದ ಸಂಗೀತಶಾಲೆಯು ಅಮೇರಿಕದ ದೊಡ್ಡ ಸಂಗೀತಶಾಲೆಗಳಲ್ಲಿ ಒಂದು. 1972ರಲ್ಲಿ ತೆರೆದ ಅದರ ರಂಗಮಂದಿರದಲ್ಲಿ ವಿದ್ಯಾರ್ಥಿಗಳೇ ಗೀತನಾಟಕಗಳನ್ನು ಆಡುತ್ತಾರೆ. ವಿದ್ಯಾರ್ಥಿಗಳ ಕಛೇರಿಗಳಲ್ಲಿ ಬಹಳಷ್ಟಕ್ಕೆ ಟಿಕೆಟ್ಟೇ ಇಲ್ಲ. 1994ರಿಂದ ಪ್ರತಿ ಶರತ್ಕಾಲದಲ್ಲಿ ಲೋಟಸ್ ಎಂಬ ಹೆಸರಿನ ಉತ್ಸವವು ನಡೆಯುತ್ತಿದ್ದು, ಲೋಕದ ನಾನಾ ದೇಶಗಳ ಗಾಯಕರೂ ವಾದ್ಯಗಾರರೂ ಈ ಸಣ್ಣ ಪಟ್ಟಣಕ್ಕೆ ಬರುತ್ತಾರೆ.

ಹೋಟೆಲಿನ ಉದ್ಯೋಗದಲ್ಲಿರುವ ನಮ್ಮ ಬಂಧುಗಳು ಕೇಳಿ ಸಂತೋಷಪಡತಕ್ಕ ಸಂಗತಿಯೊಂದಿದೆ. ಅಮೇರಿಕದ ಅತ್ಯಂತ ಜನಪ್ರಿಯ ಹಾಡುಗಳಲ್ಲೊಂದಾದ 'ಸ್ಟಾರ್‌ಡಸ್ಟ್'ನ ರಾಗವನ್ನು ರಚಿಸಿದ ಹೋಗಿ ಕಾರ್ಮೈಕಲ್ ಹುಟ್ಟಿದುದು 1899ರಲ್ಲಿ, ಇದೇ ಊರಿನಲ್ಲಿ. ಆತ ಕಾನೂನು ಓದುತ್ತಿದ್ದ ದಿನಗಳಲ್ಲಿ ಆವರಣದ ಎದುರಿಗೆ ಗ್ರೀಸ್ ದೇಶದಿಂದ ವಲಸೆ ಬಂದವರು ನಡೆಸುತ್ತಿದ್ದ ಬುಕ್ ನುಕ್ ಎಂಬ ತಿಂಡಿ-ಪಾನೀಯಗಳ ಅಂಗಡಿಯಿತ್ತು. ಅಲ್ಲಿದ್ದ ಪಿಯಾನೋದ ಮುಂದೆ ಯುವಕ ಕಾರ್ಮೈಕಲ್ ಗಂಟೆಗಟ್ಟಲೆ ಕುಳಿತಿರುತ್ತಿದ್ದನು. 1927ರ ಆ ರಾಗದ ಕಥೆಯನ್ನು ಊರವರು ಇಂದಿಗೂ ಆ ಅಂಗಡಿಯೊಂದಿಗೆ ಜೋಡಿಸಿಯೇ ಹೇಳುತ್ತಾರೆ. ಒಂದು ಲೋಟ ಪಾನೀಯಕ್ಕೆ ಕಾಸು ಕೊಟ್ಟು ಮಧ್ಯಾಹ್ನವಿಡೀ ಜಾಗ ಹಿಡಿಯುವ ಗಿರಾಕಿಯನ್ನು ಕಂಡು ಮುಖ ಸಿಂಡರಿಸದ ಮಾಲಿಕರು ಅಪರೂಪ. ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕುಳಿತು ಈ ಮಾತನ್ನು ನಾವು ಬಲ್ಲೆವು. ಆ ಪರದೇಶಿ ಮಾಲಿಕರು ಅವನನ್ನು ಎಬ್ಬಿಸಿ ಕಳುಹಿಸಲಿಲ್ಲ.

ಪಂಕ್ತಿಭೇದ ಅಳಿದ ಬಗೆ

ಆದರೆ ಊರಿನ ಎಲ್ಲ ಮೇಜುಗಳೂ ಎಲ್ಲರಿಗೂ ತೆರೆದಿರಲಿಲ್ಲ. ಆಫ್ರಿಕನ್ ಮೂಲದ ಮೊದಲ ವಿದ್ಯಾರ್ಥಿಯಾಗಿ ಮಾರ್ಸೆಲಸ್ ನೀಲ್ ಎಂಬಾತನು 1895ರಲ್ಲಿಯೇ ಇಲ್ಲಿ ಪದವಿಯನ್ನು ಗಳಿಸಿದ್ದನು. ಊಟದ ಮನೆ, ವಸತಿಗೃಹ, ಕ್ಷೌರದ ಅಂಗಡಿ ಮುಂತಾದೆಡೆಗಳಲ್ಲಿ ವರ್ಣಭೇದ ಮಾಡಕೂಡದೆಂದು ಇಂಡಿಯಾನಾ ಸಂಸ್ಥಾನವು 1885ರಷ್ಟು ಹಿಂದೆಯೇ ಕಾನೂನನ್ನೂ ಮಾಡಿತ್ತು. ಆದಾಗ್ಯೂ ಕಾನೂನು ಪುಸ್ತಕದಲ್ಲಿ ಉಳಿಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೂ ಆವರಣದ ಸುತ್ತಣ ಹಲವು ಉಪಾಹಾರಗೃಹಗಳಲ್ಲಿ ಕಪ್ಪು ವರ್ಣದ ವಿದ್ಯಾರ್ಥಿಗೆ ಬಡಿಸುತ್ತಿರಲಿಲ್ಲ. ಹಣ ಕೊಡುತ್ತೇನೆಂದರೂ ಅವನಿಗೆ ಅಲ್ಲಿ ಅನ್ನವಿಲ್ಲ!

ವಿಶ್ವವಿದ್ಯಾನಿಲಯದ ಒಳಗಣ ಸ್ಥಿತಿಯೂ ಮೆಚ್ಚತಕ್ಕದ್ದಾಗಿರಲಿಲ್ಲ. 1932ರಲ್ಲಿ ತೆರೆದ ವಿದ್ಯಾರ್ಥಿ ಸಂಘದ ಭವ್ಯ ಭವನವು ಇಂದು ಭೋಜನಶಾಲೆಗಳು, ಸಭಾಂಗಣಗಳು, ಅತಿಥಿಗಳಿಗಾಗಿ ಒಂದು ಪೂರ್ಣ ಹೋಟೆಲು, ಇವೆಲ್ಲವನ್ನೂ ಒಳಗೊಂಡಿದೆ. ಆ ಭವನದ ಭೋಜನಶಾಲೆಯಲ್ಲಿ ಹಿಂದೆ ಕೆಲವು ಮೇಜುಗಳ ಮೇಲೆ 'ಕಾಯ್ದಿರಿಸಿದೆ' ಎಂಬ ಫಲಕಗಳಿರುತ್ತಿದ್ದುವು. ಮಾನ್ಯ ಅತಿಥಿಗಳಿಗಾಗಿ ಕಾಯ್ದಿರಿಸಿದ ಮೇಜುಗಳು ಅವಲ್ಲ. ಕಪ್ಪು ವರ್ಣದ ವಿದ್ಯಾರ್ಥಿಗಳು ಅಲ್ಲಿಯೇ ಕುಳಿತುಕೊಳ್ಳತಕ್ಕದ್ದು, ಬೇರೆಡೆ ಕೂಡದು ಎಂಬುದು ಆ ಫಲಕದ ಅರ್ಥ. ಪಂಕ್ತಿಭೇದವೆಂಬ ನಮ್ಮ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

1938ರಿಂದ 1962ರವರೆಗೆ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಹರ್ಮನ್ ವೆಲ್ಸ್ ಎಂಬವರು ಇದನ್ನು ಕೊನೆಗಾಣಿಸಿದ ರೀತಿಯು ಗಮನಾರ್ಹವಾಗಿದೆ. ಅವರು ಪ್ರಕಟಣೆ ಹೊರಡಿಸಲಿಲ್ಲ. ಸಭೆ ಕರೆದು ಭಾಷಣ ಮಾಡಲಿಲ್ಲ. ಸದ್ದುಗದ್ದಲವಿಲ್ಲದೆ ಆ ಫಲಕಗಳನ್ನು ತೆಗೆದುಬಿಡುವಂತೆ ಭವನದ ಮೇಲ್ವಿಚಾರಕರಿಗೆ ಸೂಚಿಸಿದರು. ಫಲಕಗಳು ಹೋದುವು. ಮೇಜುಗಳು ಮಾತ್ರ ಇದ್ದಲ್ಲಿಯೇ ಉಳಿದುವು. ಕ್ರಮೇಣ ಜನರು ಎಲ್ಲಿ ಬೇಕಾದಲ್ಲಿ ಕುಳಿತು ಉಣ್ಣತೊಡಗಿದರು. ಆಕಾಶವೇನೂ ಕಳಚಿ ಬೀಳಲಿಲ್ಲ!

ಅವರ ಕಾಲದಲ್ಲಿಯೇ ಮತ್ತೊಂದು ಬಾಗಿಲೂ ತೆರೆಯಿತು. ಇಂಡಿಯಾನಾದ ಜನರಿಗೆ ಬಾಸ್ಕೆಟ್‌ಬಾಲ್ ಆಟದ ಮೇಲಿರುವ ಮೋಹವು ನಮ್ಮವರ ಕ್ರಿಕೆಟ್ ಮೋಹಕ್ಕೆ ಸಮಾನವಾದುದು. ಆದರೆ ಈ ವಿಶ್ವವಿದ್ಯಾನಿಲಯವು ಸೇರಿದ್ದ ಆಟದ ಕೂಟದಲ್ಲಿ ಕಪ್ಪು ವರ್ಣದ ಆಟಗಾರರಿಗೆ ತಂಡದ ನಿಯತ ಸ್ಥಾನಗಳು ದೊರೆಯುತ್ತಿರಲಿಲ್ಲ. 1947ರಲ್ಲಿ ಬಿಲ್ ಗ್ಯಾರೆಟ್ ಎಂಬ ಪ್ರತಿಭಾವಂತ ತರುಣನನ್ನು ಇಲ್ಲಿ ಸೇರಿಸಿಕೊಂಡರು. ಇಂಡಿಯಾನಾಪೊಲಿಸಿನ ಕಪ್ಪು ಸಮಾಜದ ಮುಖಂಡರು ಬಂದು ವೆಲ್ಸ್‌ರವರನ್ನು ಒತ್ತಾಯಿಸಿದುದೇ ಇದಕ್ಕೆ ಕಾರಣವಾಯಿತೆಂಬುದನ್ನು ಮರೆಯಲಾಗದು. ಅಧಿಕಾರದಲ್ಲಿದ್ದವನ ಸಜ್ಜನಿಕೆಯೊಂದರಿಂದಲೇ ಬಾಗಿಲು ತೆರೆಯುವುದಿಲ್ಲ; ಹೊರಗೆ ನಿಂತು ತಟ್ಟುವವರೂ ಬೇಕು. ಗ್ಯಾರೆಟ್ಟನ ಹೆಸರನ್ನು 2020ರಲ್ಲಿ ವಿಶ್ವವಿದ್ಯಾನಿಲಯದ ಹಳೆಯ ಕ್ರೀಡಾಮಂದಿರಕ್ಕೆ ಇಡಲಾಯಿತು.

ಇಡೀ ಅಮೇರಿಕಕ್ಕೆ ಅನ್ವಯಿಸುವಂತೆ ಹೋಟೆಲು ಮತ್ತು ಭೋಜನಗೃಹಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ ಕಾನೂನು ಬಂದುದು 1964ರಲ್ಲಿ. ನಮ್ಮ ದೇಶದ ಸಂವಿಧಾನವಾದರೋ 1950ರಲ್ಲಿಯೇ, ತನ್ನ 15ನೆಯ ಅನುಚ್ಛೇದದಲ್ಲಿ, ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹಗಳಿಗೆ ಪ್ರವೇಶಿಸುವಲ್ಲಿ ಜಾತಿಮತಗಳ ಅಡ್ಡಿಯಿರಬಾರದೆಂದು ಸಾರಿತು. ಅದಕ್ಕೆ ಮುನ್ನ ನಮ್ಮವರ ಹೋಟೆಲುಗಳಲ್ಲಿಯೂ ಬೇರೆ ಬೇರೆ ಜಾತಿಯವರಿಗೆ ಬೇರೆ ಬೇರೆ ಕೋಣೆಗಳಿದ್ದುದು ಹಿರಿಯರ ನೆನಪಿನಿಂದ ಮಾಸಿರುವ ಸಂಗತಿಯಲ್ಲ. ಆದುದರಿಂದ ಬ್ಲೂಮಿಂಗ್ಟನ್ನಿನ ಫಲಕಗಳನ್ನು ಕುರಿತು ಓದಿ ನಾವು ಅನ್ಯರನ್ನು ಹಳಿಯುವುದಕ್ಕಿಂತ, ಫಲಕವನ್ನು ತೆಗೆದ ಕೈಯನ್ನು ಮೆಚ್ಚುವುದು ಲೇಸು.

ದುಡಿಯುವವರು ಮತ್ತು ಓದುವವರು

ವಿದ್ಯಾಪಟ್ಟಣದಲ್ಲಿ ವರ್ಣದ ಗೋಡೆಯಲ್ಲದೆ ಇನ್ನೊಂದು ಗೋಡೆಯೂ ಇರುತ್ತದೆ. ಹೊರಗಿನಿಂದ ಬಂದ ವಿದ್ಯಾರ್ಥಿಯು ಅನುಕೂಲಸ್ಥನ ಮಗ. ಊರವನು ಕಲ್ಲುಗಣಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿಯುವವನ ಮಗ. ತನ್ನ ತಂದೆ ಕಡಿದ ಕಲ್ಲಿನಿಂದಲೇ ಎದ್ದ ವಿದ್ಯಾಲಯದೊಳಕ್ಕೆ ಕಾಲಿಡಲು ಊರ ಹುಡುಗನು ಹಿಂಜರಿಯುವ ದೃಶ್ಯವನ್ನು 1979ರಲ್ಲಿ ಬಂದ 'ಬ್ರೇಕಿಂಗ್ ಅವೇ' ಎಂಬ ಚಿತ್ರವು ಮನಮುಟ್ಟುವಂತೆ ತೋರಿಸಿತು. ಈ ಊರಿನಲ್ಲಿಯೇ ಚಿತ್ರೀಕರಿಸಿದ ಆ ಕಥೆಗೆ ಆಸ್ಕರ್ ಪ್ರಶಸ್ತಿ ಬಂದಿತು. ಅದನ್ನು ಬರೆದ ಸ್ಟೀವ್ ಟೆಸಿಚ್ ಎಂಬಾತನೇ ಯುಗೋಸ್ಲಾವಿಯದಲ್ಲಿ ಹುಟ್ಟಿ, ಬಾಲ್ಯ ಕಳೆದ ಮೇಲೆ ಅಮೇರಿಕಕ್ಕೆ ವಲಸೆ ಬಂದು, ಇಲ್ಲಿ ಓದಿದವನು. ಊರ ಹುಡುಗರ ನೋವನ್ನು ಹೇಳಲು ಹೊರಗಿನಿಂದ ಬಂದವನೇ ಬೇಕಾಯಿತು!

ಆ ಚಿತ್ರದ ಜೀವಾಳವಾದ ಸೈಕಲ್ ಪಂದ್ಯವು ಕಟ್ಟುಕಥೆಯಲ್ಲ. 'ಲಿಟಲ್ ಫೈವ್ ಹಂಡ್ರೆಡ್' ಎಂಬ ಈ ಪಂದ್ಯವು 1951ರಲ್ಲಿ ಆರಂಭವಾಗಿ, ಇಂದಿಗೂ ಏಪ್ರಿಲ್ ತಿಂಗಳಲ್ಲಿ ನಡೆಯುತ್ತಿದೆ. ನಾಲ್ವರ ತಂಡವು ಸರದಿಯಲ್ಲಿ ಸೈಕಲ್ ತುಳಿದು, ಕಾಲು ಮೈಲಿಯ ಸುತ್ತನ್ನು 200 ಬಾರಿ ಸುತ್ತಿ, ಒಟ್ಟು 50 ಮೈಲಿಗಳನ್ನು ಪೂರೈಸಬೇಕು. 1988ರಿಂದ ಮಹಿಳೆಯರಿಗೂ 100 ಸುತ್ತುಗಳ ಪಂದ್ಯವಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ವಾಚಕರು ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು: ದುಡಿದುಕೊಂಡು ಓದುವ ವಿದ್ಯಾರ್ಥಿಗಳಿಗೆ ಸಹಾಯಧನವನ್ನು ಕೂಡಿಸಲೆಂದೇ ಈ ಪಂದ್ಯವು ಹುಟ್ಟಿತು.

ದುಡಿಮೆಯ ಊರಿಗೆ ಪೆಟ್ಟುಗಳೂ ಬಿದ್ದಿವೆ. ಆರ್. ಸಿ. ಎ. ಕಂಪೆನಿಯು 1940ರಲ್ಲಿ ಇಲ್ಲಿ ಕಾರ್ಖಾನೆಯನ್ನು ತೆರೆದು ಮೊದಲು ರೇಡಿಯೋಗಳನ್ನೂ ಅನಂತರ ಟೆಲಿವಿಜನ್ನುಗಳನ್ನೂ ತಯಾರಿಸಿತು. 1954ರಲ್ಲಿ ಅದರ ವರ್ಣ ಟೆಲಿವಿಜನ್ನುಗಳು ಇಲ್ಲಿಂದಲೇ ಹೊರಬಂದುವು. ಅಗ್ಗದ ಕೂಲಿಯನ್ನರಸಿ ಹೊರಟ ಬಂಡವಾಳವು 1998ರಲ್ಲಿ ಆ ಕೆಲಸವನ್ನು ಮೆಕ್ಸಿಕೋ ದೇಶಕ್ಕೆ ಒಯ್ದಿತು. ಸಾವಿರಕ್ಕೂ ಹೆಚ್ಚು ಮಂದಿಯ ಉದ್ಯೋಗ ಹೋಯಿತು. ಗಿರಣಿಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದುದನ್ನು ಕಂಡ ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಪೀಠೋಪಕರಣಗಳ ಕಾರ್ಖಾನೆಯೊಂದರ ಕಟ್ಟಡದಲ್ಲಿ ಇಂದು ನಗರಸಭೆಯ ಕಚೇರಿಯಿದೆ. ಅದರ ಪಕ್ಕದಲ್ಲಿ ಶನಿವಾರಗಳಂದು ರೈತರ ಸಂತೆ ಸೇರುತ್ತದೆ. 1975ರಲ್ಲಿ ಆರಂಭವಾದ ಈ ಸಂತೆಯಲ್ಲಿ ಹಳ್ಳಿಯವನು, ಊರವನು, ಪ್ರಾಧ್ಯಾಪಕ, ವಿದ್ಯಾರ್ಥಿ ಎಲ್ಲರೂ ಒಂದೇ ಬುಟ್ಟಿಯ ಟೊಮೆಟೊವನ್ನು ಆರಿಸುತ್ತಾರೆ.

ಪರದೇಶಗಳಿಂದ ಬಂದವರು

ಕನ್ನಡಿಗರಾದ ನಮಗೆ ಈ ಊರು ಪೂರ್ತಿ ಪರಕೀಯವಲ್ಲ. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರವನ್ನು ಅಭ್ಯಸಿಸಿದ ಕವಿ ಎ. ಕೆ. ರಾಮಾನುಜನ್ನರು 1959ರಲ್ಲಿ ಅಮೇರಿಕಕ್ಕೆ ತೆರಳಿ ಸೇರಿದುದು ಇದೇ ವಿಶ್ವವಿದ್ಯಾನಿಲಯವನ್ನು. 1963ರಲ್ಲಿ ಇಲ್ಲಿಂದ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಅವರ ಪ್ರಬಂಧದ ವಿಷಯವು ಕನ್ನಡದ ವ್ಯಾಕರಣ! ಮೈಸೂರಿನಲ್ಲಿ ನಿತ್ಯವೂ ಆಡಿದ ನುಡಿಯ ಕಟ್ಟನ್ನು ಅವರು ಹೊಸ ಭಾಷಾಶಾಸ್ತ್ರದ ಬೆಳಕಿನಲ್ಲಿ ಬಿಡಿಸಿ ತೋರಿಸಿದುದು ಸುಣ್ಣಕಲ್ಲಿನ ಈ ಊರಿನ ವಿದ್ಯಾರ್ಥಿಯಾಗಿ. ಮುಂದೆ ಶಿಕಾಗೋದಲ್ಲಿ ನೆಲೆಸಿ ನಮ್ಮ ವಚನಗಳನ್ನು ಇಂಗ್ಲಿಷಿಗೆ ತಂದು, 1993ರಲ್ಲಿ ಕಾಲವಾಗುವವರೆಗೂ ಅವರು ಕನ್ನಡದ ಕವಿಯಾಗಿಯೇ ಉಳಿದರು.

ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಟಿಬೇಟಿನ ನಿರಾಶ್ರಿತರಿಗೆ ನೆಲೆ ಕೊಟ್ಟ ನಾಡಿನವರು ನಾವು. ಅದೇ ಜನರ ಒಂದು ಕವಲು ಬ್ಲೂಮಿಂಗ್ಟನ್ನಿನಲ್ಲಿಯೂ ಬೇರೂರಿದೆ. ದಲಾಯಿ ಲಾಮಾರವರ ಅಣ್ಣನವರಾದ ಥುಬ್ತೆನ್ ಜಿಗ್ಮೆ ನೊರ್ಬು ಇಲ್ಲಿ ಪ್ರಾಧ್ಯಾಪಕರಾಗಿದ್ದು, 1979ರಲ್ಲಿ ಟಿಬೇಟಿ ಸಾಂಸ್ಕೃತಿಕ ಕೇಂದ್ರವನ್ನು ಸ್ಥಾಪಿಸಿದರು. ಜೋಳದ ಹೊಲಗಳ ನಾಡಿನಲ್ಲಿ ಬೌದ್ಧ ಸ್ತೂಪವೆದ್ದು ನಿಂತಿತು. 1999ರಲ್ಲಿ ದಲಾಯಿ ಲಾಮಾರವರು ಇಲ್ಲಿಗೆ ಬಂದು ಕಾಲಚಕ್ರ ದೀಕ್ಷಾವಿಧಿಯನ್ನು ನಡೆಸಿಕೊಟ್ಟರು. ನೊರ್ಬುರವರು 2008ರಲ್ಲಿ ಇದೇ ಊರಿನಲ್ಲಿ ದೇಹವಿಟ್ಟರು.

ಆವರಣಕ್ಕೂ ಪೇಟೆಗೂ ನಡುವಣ ನಾಲ್ಕನೆಯ ಬೀದಿಯಲ್ಲಿ ಹಳೆಯ ಮರದ ಮನೆಗಳು ಒಂದೊಂದಾಗಿ ಭೋಜನಗೃಹಗಳಾಗಿವೆ. ಟಿಬೇಟಿ, ಥಾಯ್, ತುರ್ಕಿ, ಭಾರತೀಯ ಊಟಗಳ ಪರಿಮಳವು ಅಲ್ಲಿ ಒಂದೇ ಬೀದಿಯಲ್ಲಿ ಬೆರೆಯುತ್ತದೆ. ಪರವೂರಿನಲ್ಲಿ ನೆಲೆ ಕಾಣಬೇಕಾದವನಿಗೆ ಅಡಿಗೆಯೇ ಮೊದಲನೆಯ ಬಂಡವಾಳವೆಂಬುದಕ್ಕೆ ನಮ್ಮ ಉಡುಪಿಯ ಹೋಟೆಲುಗಳಂತೆ ಈ ಬೀದಿಯೂ ಸಾಕ್ಷಿ.

ಮಾಯದ ಗಾಯಗಳು

ಇಷ್ಟೆಲ್ಲ ಹೇಳಿ ಮುಗಿಸಿಬಿಟ್ಟರೆ ವಾಚಕರಿಗೆ ಸತ್ಯದ ಅರ್ಧವನ್ನು ಮಾತ್ರ ಕೊಟ್ಟಂತಾದೀತು. 1968ರಲ್ಲಿ ಕಪ್ಪು ವರ್ಣದ ವಿದ್ಯಾರ್ಥಿಗಳು ಕರ್ಕ್‌ವುಡ್ ಬೀದಿಯಲ್ಲಿ ತಮ್ಮ ಸಂಸ್ಕೃತಿಯ ವಸ್ತುಗಳನ್ನು ಮಾರುವ ಅಂಗಡಿಯೊಂದನ್ನು ತೆರೆದರು. ಅದೇ ವರ್ಷ ಡಿಸೆಂಬರ್ 26ರಂದು ದ್ವೇಷಿಗಳು ಬೆಂಕಿಯ ಬಾಂಬನ್ನೆಸೆದು ಅದನ್ನು ಸುಟ್ಟುಹಾಕಿದರು. ಸುಟ್ಟ ಜಾಗವನ್ನು ಜನರು ಉದ್ಯಾನವಾಗಿಸಿದರು. ಇಂದು ಅದಕ್ಕೆ ಜನತಾ ಉದ್ಯಾನವೆಂಬರ್ಥದ ಹೆಸರಿದೆ. 1999ರ ಜುಲೈ 4ರಂದು, ಅಮೇರಿಕದ ಸ್ವಾತಂತ್ರ್ಯೋತ್ಸವದ ದಿನವೇ, ಉನ್ನತ ವ್ಯಾಸಂಗಕ್ಕೆಂದು ಬಂದಿದ್ದ ಕೊರಿಯದ ತರುಣ ವಾನ್-ಜೂನ್ ಯೂನ್ ಎಂಬಾತನನ್ನು ಪ್ರಾರ್ಥನಾಮಂದಿರದ ಹೊರಗೆ ಗುಂಡಿಕ್ಕಿ ಕೊಂದರು. ಕೊಂದವನು ಬಿಳಿಯರೇ ಶ್ರೇಷ್ಠರೆಂಬ ವಿಷವನ್ನು ತಲೆಗೇರಿಸಿಕೊಂಡವನು. ಅವನೂ ಹಿಂದೆ ಇದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದನು.

ರೈತರ ಸಂತೆಗೂ ಇದರ ಬಿಸಿ ತಟ್ಟದಿರಲಿಲ್ಲ. ಬಿಳಿಯರ ಮೇಲ್ಮೆಯನ್ನು ಸಾರುವ ಗುಂಪಿನೊಂದಿಗೆ ವ್ಯಾಪಾರಿಗಳೊಬ್ಬರಿಗೆ ಸಂಬಂಧವಿದೆಯೆಂಬ ಆರೋಪದಿಂದ ಪ್ರತಿಭಟನೆಗಳೆದ್ದು, 2019ರಲ್ಲಿ ನಗರಸಭೆಯು ಸಂತೆಯನ್ನು ಎರಡು ವಾರ ನಿಲ್ಲಿಸಬೇಕಾಯಿತು. ಒಮ್ಮೆ ಫಲಕವನ್ನು ತೆಗೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವಂತಿಲ್ಲ. ಬರುವವರು ಪ್ರತಿ ವರ್ಷವೂ ಹೊಸಬರು. ಆದುದರಿಂದ ಅವರನ್ನು ಬರಮಾಡಿಕೊಳ್ಳುವ ಪಾಠವನ್ನೂ ಊರು ಪ್ರತಿ ವರ್ಷ ಹೊಸದಾಗಿಯೇ ಓದಬೇಕಾಗಿದೆ.

ಕೊನೆಯದಾಗಿ ನಮ್ಮ ಹೋಟೆಲು ಬಂಧುಗಳಲ್ಲಿ ಒಂದು ಅರಿಕೆ. ಒಂದು ಕಾಲಕ್ಕೆ ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಮಾಣಿಗಳು ನಾವಾಗಿದ್ದೆವು. ಇಂದು ನಮ್ಮ ಅಡಿಗೆಮನೆಗಳಲ್ಲಿ ಒಡಿಶಾ, ಉತ್ತರ ಪ್ರದೇಶ, ನೇಪಾಳಗಳ ಕಡೆಯಿಂದ ಬಂದ ಹುಡುಗರು ಪಾತ್ರೆ ತಿಕ್ಕುತ್ತಾರೆ, ಹಿಟ್ಟು ರುಬ್ಬುತ್ತಾರೆ, ಮೇಜು ಒರಸುತ್ತಾರೆ. ನಮ್ಮ ಮೇಜುಗಳ ಮೇಲೆ ಈಗ ಯಾವ ಫಲಕವೂ ಇಲ್ಲ, ನಿಜ. ಆದರೆ ಗಿರಾಕಿಗಳೆಲ್ಲ ಎದ್ದುಹೋದ ಮೇಲೆ ಆ ಹುಡುಗನು ತನ್ನ ತಟ್ಟೆಯನ್ನು ಹಿಡಿದು ಎಲ್ಲಿ ಕುಳಿತು ಉಣ್ಣುತ್ತಾನೆಂಬುದನ್ನು ಇಂದು ರಾತ್ರಿ ಪ್ರತಿಯೊಬ್ಬ ಮಾಲಿಕರೂ ಒಮ್ಮೆ ಕಣ್ಣಿಟ್ಟು ನೋಡಬೇಕಾಗಿ ಪ್ರಾರ್ಥನೆ.